ಮುಖಪುಟಕ್ಕೆ ಮೊದಲು ಮಾತು

ಹೋದ ವಾರ ಹೇಳಿದಂತೆ ಇಂದು ಮುಖಪುಟದ ಬಣ್ಣಗಳ ಬಗ್ಗೆ ಬರೆಯಬೇಕಿತ್ತು. ಆದರೆ ಪುಸ್ತಕ ಬಿಡುಗಡೆಯೊಂದರಲ್ಲಿ ಮತ್ತೆ ಕಿವಿಗೆ ಬಿದ್ದ ಹಳೆಯ ವಾದ ಬಿಡುತ್ತಿಲ್ಲ. ‘ಒಳ್ಳೆಯ ವಿನ್ಯಾಸಕಾರರು ಮಾತಾಡಬೇಕಿಲ್ಲ, ಅವರ ಕೆಲಸವೇ ಮಾತಾಡುತ್ತದೆ’ ಅಂತ. ಈ ಪಂಥದವರ ಜೊತೆ ನನ್ನ ತಕರಾರು ಇಂದಿನದಲ್ಲ.

ಶೀರ್ಷಿಕೆಯನ್ನೇ ನೋಡಿ. ‘ಸ್ವಾತಂತ್ರ್ಯದ ದಿನಗಳು’ ಎಂದು ಎರಡು ಸಾಲಿನಲ್ಲಿ ಕೂರಿಸಬೇಕಿದೆ ಎನ್ನಿ. ಮೇಲಿನ ಸಾಲಿನ ತಕಾರದ ಕೆಳಗೆ ಎರಡು ಒತ್ತು ಇಳಿಯುತ್ತವೆ. ಕೆಳಗಿನ ಸಾಲಿನ ‘ದಿ’ಯ ಗುಡಿಸು ಮೇಲಕ್ಕೇಳುತ್ತದೆ. ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರಗಳಿಗೆ ಸಾಕಾಗುವ ಅಂತರವನ್ನೇ ಇಲ್ಲಿಟ್ಟರೆ ಒತ್ತು, ಗುಡಿಸು ಒಂದಕ್ಕೊಂದು ತಾಗುತ್ತವೆ. ಸಾಲು ಬಿಡಿಸಿಟ್ಟರೆ ಪ್ರಕಾಶಕರು, ‘ಇಷ್ಟೊಂದು ಖಾಲಿ ಬಿಟ್ಟಿದ್ದೀರಲ್ಲ, ಲೇಖಕರ ಫೋಟೊ ಹಾಕಿ’ ಅನ್ನುತ್ತಾರೆ. ಪರೀಕ್ಷೆ ಇರುವುದೇ ಇಲ್ಲಿ. ಮುನಿಸಿಕೊಂಡು ಎದ್ದರೆ ಕೆಲಸ ಕೆಟ್ಟಿತು, ‘ಆಯ್ತು ಸರ್’ ಎಂದು ತಲೆಯಾಡಿಸಿದರೂ ಕೆಟ್ಟಿತು. ‘ನೆಗೆಟಿವ್ ಸ್ಪೇಸ್’ ಎಂದು ಪಾಠ ಶುರುಮಾಡಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ನಾನು ಮೆಚ್ಚುವ ವಿನ್ಯಾಸಕಾರರೊಬ್ಬರು ಎರಡು ಬಗೆಯನ್ನೂ 1/8 ಡೆಮಿ ಅಳತೆಯಲ್ಲೇ ಪ್ರಿಂಟ್ ತೆಗೆಸಿ, ಹಳೆಯ ಪುಸ್ತಕಗಳಿಗೆ ಸುತ್ತಿ, ಕಪಾಟಿನಲ್ಲಿ ನಿಲ್ಲಿಸುತ್ತಾರೆ. ‘ಸರ್, ಬಾಗಿಲ ಹತ್ತಿರ ನಿಂತು ನೋಡಿ, ಯಾವುದರ ಹೆಸರು ಓದೋಕೆ ಬರುತ್ತೆ?’ ಅನ್ನುತ್ತಾರೆ. ಆಮೇಲೆ ಫೋಟೊದ ಮಾತು ಬರುವುದಿಲ್ಲ.

ಹೇಳುವುದಕ್ಕಿಂತ ದೊಡ್ಡದು ಕೇಳುವ ಗುಣ. ಅದರ ಮಾತು ಬಂದಾಗಲೆಲ್ಲ ನಾನು ತೆಗೆದು ಓದುವುದು ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ವಿನ್ಯಾಸಕಾರ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ‘ಇಂಡಿಯಾ ರಿಪೋರ್ಟ್’ ಅನ್ನು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಈ ವರದಿಯ ಬೆನ್ನಲ್ಲೇ. ದೇಶ ಸುತ್ತಿ ನೋಡಿದ ವಸ್ತುಗಳಲ್ಲಿ ಅವರ ಮನಸ್ಸು ಗೆದ್ದದ್ದು ನಮ್ಮ ತಂಬಿಗೆ. ಅದನ್ನು ಮೊದಲಿನಿಂದ ವಿನ್ಯಾಸ ಮಾಡುವುದಾದರೆ ಏನೇನು ಯೋಚಿಸಬೇಕು ಎಂದು ಅವರು ಕೇಳುತ್ತಾ ಹೋಗುತ್ತಾರೆ. ಎಷ್ಟು ನೀರು ಹಿಡಿಯಬೇಕು, ಎತ್ತುವ ಕೈ ಎಷ್ಟು ದೊಡ್ಡದು, ಹೊರುವುದು ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ಬಿಸಿನೀರಿದ್ದರೆ ಹಿಡಿಯಲಾದೀತೇ, ಒಳಗೆ ಕೈಹಾಕಿ ತೊಳೆಯಬಹುದೇ, ಕಲ್ಲಿನ ಮೇಲಿಟ್ಟರೆ ಸದ್ದು ಹೇಗಿರುತ್ತದೆ, ಕೊನೆಗೆ ಹಳೆಯ ಲೋಹಕ್ಕೆ ಎಷ್ಟು ಬೆಲೆ ಬಂದೀತು! ಇಷ್ಟೆಲ್ಲ ಕೇಳಿದ ಮೇಲೂ ಅವರು ತಮ್ಮದೊಂದು ತಂಬಿಗೆ ಬರೆದು ತೋರಿಸಲು ಹೋಗಲಿಲ್ಲ. ಒಬ್ಬರ ಕೈಯಲ್ಲಿ ಆದದ್ದಲ್ಲ, ತಲೆಮಾರುಗಳ ಕೈಯಲ್ಲಿ ಆದದ್ದು ಅದು ಎಂದರು. ಅಷ್ಟು ಹೆಸರಿದ್ದ ವಿನ್ಯಾಸಕಾರರ ಆ ವಿನಯ ನನಗೆ ಪ್ರತಿ ಓದಿನಲ್ಲೂ ದೊಡ್ಡದಾಗಿ ಕಾಣುತ್ತದೆ.

ನಮ್ಮಲ್ಲಿ ಮುಖಪುಟದ ಕೆಲಸ ಬರುವುದು ವಾಟ್ಸ್ಆ್ಯಪ್‌ನಲ್ಲಿ. ಶೀರ್ಷಿಕೆ, ಲೇಖಕರ ಹೆಸರು, ‘ನಾಳೆ ಸಂಜೆಯೊಳಗೆ ಬೇಕು’, ಅಷ್ಟೇ. ಕತೆ ನಡೆಯುವುದು ಬಯಲುಸೀಮೆಯಲ್ಲಿ, ಮುಖಪುಟದಲ್ಲಿ ಮಲೆನಾಡಿನ ಮಳೆ. ಕೇಳಬಲ್ಲವರು ಹಸ್ತಪ್ರತಿ ಬೇಕೆಂದು ಹಟ ಹಿಡಿಯುತ್ತಾರೆ, ಲೇಖಕರಿಗೆ ಫೋನ್ ಮಾಡುತ್ತಾರೆ, ಪ್ರೆಸ್ಸಿಗೂ ಮಾಡುತ್ತಾರೆ. ಎಷ್ಟು ಪುಟ, ಎಂಥ ಕಾಗದ ಎಂದು ತಿಳಿಯದೆ ಪುಸ್ತಕದ ಬೆನ್ನಿನ ಅಗಲ ಲೆಕ್ಕಕ್ಕೆ ಸಿಗುವುದಿಲ್ಲ, ಲೆಕ್ಕ ತಪ್ಪಿದರೆ ಬೆನ್ನ ಮೇಲಿನ ಹೆಸರು ಮುಖಪುಟಕ್ಕೆ ಜಾರಿಕೊಳ್ಳುತ್ತದೆ. ಪ್ರಕಾಶಕರು ಈ ಎರಡು ವಿವರವನ್ನಾದರೂ ಶೀರ್ಷಿಕೆಯ ಜೊತೆಗೇ ಕಳಿಸಲಿ. ಹಸ್ತಪ್ರತಿಯ ಒಂದು ಅಧ್ಯಾಯವನ್ನೂ ಸೇರಿಸಲಿ.

ಬಣ್ಣಗಳ ಮಾತು ಮುಂದಿನ ವಾರ.