ತೆರೆಯಿಲ್ಲದ ಊರಿನ ಪ್ರೇಮಲೋಕ

ಸೌದಿ ಅರೇಬಿಯಾದಲ್ಲಿ 1980ರ ದಶಕದ ಆರಂಭದಿಂದ 2018ರವರೆಗೆ ಸಾರ್ವಜನಿಕ ಚಿತ್ರಮಂದಿರಗಳೇ ಇರಲಿಲ್ಲ. ಜುಬೈಲ್ ಕೈಗಾರಿಕಾ ನಗರವಾಗಿ ಬೆಳೆದದ್ದೂ ಇದೇ ಕಾಲದಲ್ಲಿ. 1975ರಲ್ಲಿ ಈ ನಗರ ಕಟ್ಟುವ ರಾಯಲ್ ಕಮಿಷನ್ ಹುಟ್ಟಿತು, ಮರುವರ್ಷ ಪೆಟ್ರೋಕೆಮಿಕಲ್ ಕಂಪನಿ ಸಾಬಿಕ್. ಸಮುದ್ರದಂಡೆಯ ಹಳೆಯ ಊರಿನ ಪಕ್ಕ ಪೆಟ್ರೋಕೆಮಿಕಲ್ ಸ್ಥಾವರಗಳು ಒಂದರ ಹಿಂದೊಂದು ಎದ್ದವು. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡು ಕಡೆಯಿಂದ ಫಿಟರ್, ವೆಲ್ಡರ್, ಎಂಜಿನಿಯರ್, ಅಕೌಂಟೆಂಟ್ ಆಗಿ ಬಂದವರಿಗೆ ಇಲ್ಲಿ ಕನ್ನಡ ಸಿನಿಮಾ ಎಂದರೆ ಕ್ಯಾಸೆಟ್. ವಿಡಿಯೊ ಸಿಕ್ಕರೆ ಅದೃಷ್ಟ. ಹಾಡಿನ ಕ್ಯಾಸೆಟ್ ಮಾತ್ರ ರಜೆ ಮುಗಿಸಿ ಬಂದವರ ಸೂಟ್‌ಕೇಸಿನಲ್ಲಿ, ಉಪ್ಪಿನಕಾಯಿ ಮತ್ತು ಕುಚ್ಚಲಕ್ಕಿಯ ನಡುವೆ ಇದ್ದೇ ಇರುತ್ತಿತ್ತು. ಚಿತ್ರವನ್ನು ಊರಲ್ಲೇ ಬಿಟ್ಟು ಹಾಡೊಂದೇ ಕಡಲು ದಾಟಿತ್ತು.

ಸಂಗೀತ ನಿರ್ದೇಶಕ ಹಂಸಲೇಖರ ಪರಂಪರೆಯ ಅದ್ದೂರಿ ಹಾಡುಗಳನ್ನು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು ಎಂದು ನಾನು ನಂಬಿದ್ದೇನೆ. ಕರ್ನಾಟಕದಲ್ಲಿ ಈ ಹಾಡುಗಳ ಮೇಲಿನ ಟೀಕೆ ಯಾವಾಗಲೂ ಕಣ್ಣಿನಿಂದ ಶುರುವಾಗುತ್ತಿತ್ತು. ನಟ-ನಿರ್ದೇಶಕ ರವಿಚಂದ್ರನ್ ಅವರ ಸೆಟ್ಟು, ಹೊಗೆ, ಹೂವು, ಹಣ್ಣು, ಬಣ್ಣದ ಬೆಳಕು ಎಲ್ಲವೂ ಅತಿ, ಹಾಗಾಗಿ ಸಂಗೀತವೂ ಅತಿ ಎಂಬ ತೀರ್ಪು. ಜುಬೈಲ್‌ನ ಕ್ಯಾಂಪಿನಲ್ಲಿ ಟೇಪ್‌ರೆಕಾರ್ಡರ್ ಮುಂದೆ ಕುಳಿತವನಿಗೆ ಆ ಸೆಟ್ಟು ಕಾಣುತ್ತಿರಲಿಲ್ಲ. ಕರಾವಳಿಯವರಿಗೆ ಇಂಥ ಕೇಳ್ಮೆ ಹೊಸದೂ ಅಲ್ಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಮತ್ತು ಅರ್ಥಧಾರಿಯ ಮಾತಿನಲ್ಲೇ ಕುರುಕ್ಷೇತ್ರ ಕಟ್ಟುವ ತಾಳಮದ್ದಳೆಯಂತೆ ಅವರು ‘ಪ್ರೇಮಲೋಕ’ವನ್ನು ಕೇಳಿದರು. ಹಾಗೆ ಕೇಳಿದಾಗ ನಿಂತದ್ದೇನು, ಬಿದ್ದದ್ದೇನು ಎಂಬುದೇ ಇಲ್ಲಿ ನನ್ನ ಪ್ರಶ್ನೆ.

ಅದ್ದೂರಿತನ 1987ರಲ್ಲಿ ‘ಪ್ರೇಮಲೋಕ’ದ ಜೊತೆ ಆಕಾಶದಿಂದ ಇಳಿದದ್ದಲ್ಲ. 1968ರ ‘ಜೇಡರ ಬಲೆ’ಗೆ ಜಿ.ಕೆ. ವೆಂಕಟೇಶ್ ಕೊಟ್ಟ ಸಂಗೀತದಲ್ಲೇ ಬಾಂಡ್ ಚಿತ್ರಗಳ ತುತ್ತೂರಿ, ಗಿಟಾರಿನ ಠೇಂಕಾರ ಇತ್ತು. ಅವರ ಬಳಿ ಸಹಾಯಕರಾಗಿ ದುಡಿದ ಇಳಯರಾಜ 1981ರಲ್ಲಿ ‘ಗೀತಾ’, 1983ರಲ್ಲಿ ‘ಪಲ್ಲವಿ ಅನುಪಲ್ಲವಿ’ ಮಾಡಿದಾಗ ತಂತಿವಾದ್ಯಗಳು ಹಾಡಿನ ಹಿಂದೆ ನಿಲ್ಲದೆ ಹಾಡಿನ ಜೊತೆ ಮಾತಾಡತೊಡಗಿದವು. ಆದರೂ ಬಹುಕಾಲ ಕನ್ನಡದ ಮುಖ್ಯ ದಾರಿ ರಾಜನ್-ನಾಗೇಂದ್ರ ಅವರದ್ದೇ. ‘ಎರಡು ಕನಸು’, ‘ಬಯಲು ದಾರಿ’, ‘ಹೊಂಬಿಸಿಲು’ ಚಿತ್ರಗಳಲ್ಲಿ ವಾದ್ಯಗಳು ಕಮ್ಮಿಯೇನಲ್ಲ, ಆದರೆ ಗಾಯಕ ಬಾಯಿ ತೆರೆದೊಡನೆ ಅವು ಸರಿದು ಜಾಗ ಬಿಡುತ್ತವೆ. ಗಾಯಕರೂ ವಾದಕರೂ ಒಟ್ಟಿಗೆ ನಿಂತು, ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಶುರುಮಾಡಬೇಕಿದ್ದ ಧ್ವನಿಮುದ್ರಣದ ಕಾಲದಿಂದ ಬಂದ ಶಿಸ್ತು ಅದು. ಯಾರು ಎಷ್ಟು ಜೋರಾಗಿ ನುಡಿಸಬೇಕೆಂಬುದು ಕೋಣೆಯಲ್ಲೇ ತೀರ್ಮಾನವಾಗುತ್ತಿತ್ತು. ಹಲವು ಟ್ರ್ಯಾಕ್‌ಗಳ ಯಂತ್ರ ಬಂದ ಮೇಲೆ ಆ ಹಂಗು ಹರಿಯಿತು. ಇವತ್ತು ತಾಳ, ನಾಳೆ ವಯಲಿನ್, ನಾಡಿದ್ದು ಕೋರಸ್, ಕೊನೆಗೆ ಗಾಯಕ.

‘ಪ್ರೇಮಲೋಕ’ ಆ ಸ್ವಾತಂತ್ರ್ಯವನ್ನು ಪೂರ್ತಿ ಬಳಸಿಕೊಂಡಿತು. ಕಥೆಯ ಎಳೆ ಹಾಲಿವುಡ್‌ನ ‘ಗ್ರೀಸ್ 2’ರದು, ಆದರೆ ಅದನ್ನು ಹೇಳುವ ಕೆಲಸ ಬಿದ್ದದ್ದು ಹಂಸಲೇಖರ ಹಾಡುಗಳ ಮೇಲೆ. ಪರಿಚಯ, ಕೀಟಲೆ, ಮುನಿಸು, ವಿರಹ ಎಲ್ಲವೂ ಹಾಡಿನಲ್ಲೇ ನಡೆಯುತ್ತವೆ. ಹುಡುಗ ಕೇಳುತ್ತಾನೆ, ಹುಡುಗಿ ಉತ್ತರಿಸುತ್ತಾಳೆ, ಗೆಳೆಯರ ಗುಂಪು ನಡುವೆ ಬಾಯಿ ಹಾಕುತ್ತದೆ, ಅಷ್ಟರಲ್ಲಿ ವಯಲಿನ್‌ಗಳ ಹಿಂಡು ನುಗ್ಗುತ್ತದೆ, ಡ್ರಮ್ಸ್ ತಡೆಯುತ್ತದೆ, ಕೀಬೋರ್ಡ್ ಹೊಸ ಬಾಗಿಲು ತೆರೆಯುತ್ತದೆ. ನಿಂಬೆಹಣ್ಣಿನ ಹುಡುಗಿಯ ಹಾಡನ್ನು ಕಣ್ಣು ಮುಚ್ಚಿ ಕೇಳಿ: ಕಾಲೇಜಿನ ಅಂಗಳ, ಅಲ್ಲಿ ನೆರೆದ ಪಡ್ಡೆಹುಡುಗರ ದಂಡು, ಎಲ್ಲವೂ ಕಿವಿಯಲ್ಲೇ ಮೂಡುತ್ತವೆ. ತೆರೆ ಮಾಡಬೇಕಾದ ಕೆಲಸವನ್ನು ಕ್ಯಾಸೆಟ್ ಮಾಡಿತು. ಲಹರಿ ಸಂಸ್ಥೆಯನ್ನು ಮನೆಮಾತು ಮಾಡಿದ ಆ ಕ್ಯಾಸೆಟ್ಟು ಕೊಲ್ಲಿಯಲ್ಲಿ ಅಷ್ಟು ತಿರುಗಿದ್ದಕ್ಕೆ ನನಗೆ ಕಾಣುವ ಕಾರಣ ಇದೇ. ಇನ್ನೊಂದನ್ನೂ ಇಲ್ಲಿ ಸೇರಿಸಬೇಕು. ಊರಿನ ಎಷ್ಟೋ ಮನೆಗಳಲ್ಲಿ ಈ ಹಾಡು ಕೇಳಿದ ಟು-ಇನ್-ವನ್ ಕೊಲ್ಲಿಯ ದುಡಿಮೆಯಿಂದಲೇ ಬಂದದ್ದು. ಎರಡು ಸ್ಪೀಕರು, ಬೇಸ್ ಹೆಚ್ಚಿಸುವ ಗುಂಡಿ ಇದ್ದ ಆ ಪೆಟ್ಟಿಗೆಗಳು ಮನೆಗೆ ಬಂದಾಗ, ಅವುಗಳಿಗೆ ತಕ್ಕ ಹಾಡೂ ಬಂತು.

ಆದರೆ ಸ್ಪೀಕರು ಮತ್ತು ಟ್ರ್ಯಾಕು ಎಲ್ಲರಿಗೂ ಸಿಕ್ಕಿದ್ದವು. ಆ ಕಾಲದ ಎಷ್ಟೋ ಗದ್ದಲದ ಹಾಡುಗಳು ಮರೆತುಹೋದವು, ಇವು ಉಳಿದವು. ಯಾಕೆ? ಇಲ್ಲಿ ಸಾಹಿತ್ಯ ಬರೆದವನೂ, ರಾಗ ಕೂರಿಸಿದವನೂ, ವಾದ್ಯಗಳ ಹಂಚಿಕೆ ಮಾಡಿದವನೂ ಒಬ್ಬನೇ. ‘ತ್ರಿವೇಣಿ’ ಚಿತ್ರಕ್ಕೆ ಗೀತೆ ಬರೆದು ಚಿತ್ರರಂಗಕ್ಕೆ ಕಾಲಿಟ್ಟ ಗಂಗರಾಜು ಎಂಬ ಕವಿ ಹಂಸಲೇಖ ಎಂಬ ಹೆಸರಿನ ಸಂಗೀತ ನಿರ್ದೇಶಕರಾದಾಗ, ಮಾತನ್ನು ಹಾಡಿನ ಮೇಲೆ ಹೊದಿಸಲಿಲ್ಲ, ಮೇಳದೊಳಗೆ ಕೂರಿಸಿದರು. ಕನ್ನಡದ ಒತ್ತಕ್ಷರ ಬೀಳುವ ಕಡೆ ಡ್ರಮ್ಸ್‌ನ ಪೆಟ್ಟು, ಪ್ರಾಸ ಮರಳುವ ಕಡೆ ವಯಲಿನ್ ಮರಳುವುದು, ದೀರ್ಘ ಸ್ವರ ನಿಲ್ಲುವ ಕಡೆ ಕೋರಸ್ ತುಂಬುವುದು. ಅವರ ಸಾಲುಗಳನ್ನು ಕಾಗದದಲ್ಲಿ ಓದಿದವರು ಪ್ರಾಸದ ಆಟ ಎಂದು ಹಗುರ ಮಾಡಿದರು. ಅದು ಓದುವ ಪ್ರಾಸವಲ್ಲ, ಬಾರಿಸುವ ಪ್ರಾಸ. ಎಷ್ಟೇ ವಾದ್ಯ ನುಗ್ಗಿದರೂ ಮಾತು ಮುಳುಗದಿರಲು ಕಾರಣ, ಮಾತೂ ಒಂದು ವಾದ್ಯವಾಗಿ ತನ್ನ ಪಾಲಿನ ಜಾಗ ಹಿಡಿದಿತ್ತು.

ಜುಬೈಲ್‌ನ ಕನ್ನಡಿಗರು ವಾರಾಂತ್ಯಕ್ಕೆ ಇಸ್ತಿರಾಹ ಎಂಬ ವಿಶ್ರಾಂತಿಗೃಹ ಬಾಡಿಗೆ ಹಿಡಿದು ಸೇರಿದಾಗ ಕರೋಕೆ ಇಲ್ಲದೆ ಕೂಟ ಮುಗಿಯುವುದಿಲ್ಲ. ಕರೋಕೆ ಎಂಬುದು ವಿಮರ್ಶಕನಿಗೆ ಬಲು ಉಪಯುಕ್ತ ಸಾಧನ, ಹಾಡಿನಿಂದ ಕಂಠವನ್ನು ತೆಗೆದು ಉಳಿದದ್ದನ್ನು ನಿಮ್ಮ ಮುಂದಿಡುತ್ತದೆ. ಮೂಲ ಮೇಳವನ್ನು ಕೀಬೋರ್ಡಿನಲ್ಲಿ ಮತ್ತೆ ಕಟ್ಟಿದ ಟ್ರ್ಯಾಕುಗಳೇ ಹೆಚ್ಚು ಎಂಬುದನ್ನು ಒಪ್ಪಿಕೊಂಡರೂ, ಅಸ್ಥಿಪಂಜರ ಕಾಣುತ್ತದೆ. ರಾಜನ್-ನಾಗೇಂದ್ರರ ಹಾಡಿನ ಟ್ರ್ಯಾಕು ಗಾಯಕನಿಗಾಗಿ ಕಾಯುತ್ತದೆ, ಖಾಲಿ ಜಾಗ ಎಲ್ಲೆಂದು ಗೊತ್ತಾಗುತ್ತದೆ. ಹಂಸಲೇಖರ ‘ರಣಧೀರ’ದ ಟ್ರ್ಯಾಕು ಯಾರಿಗೂ ಕಾಯುವುದಿಲ್ಲ, ತನ್ನಷ್ಟಕ್ಕೆ ತುಂಬಿಕೊಂಡು ಓಡುತ್ತದೆ. ಹಾಡುವವನು ಓಡುವ ಬಸ್ಸಿಗೆ ಹತ್ತಬೇಕು! ಆದರೂ ನಮ್ಮ ಹವ್ಯಾಸಿಗಳು ಅದನ್ನೇ ಸಲೀಸಾಗಿ ಹಾಡುತ್ತಾರೆ. ಪದಗಳೇ ತಾಳವನ್ನು ಹೇಳಿಕೊಡುತ್ತವೆ, ನಾಲಿಗೆ ಹಿಡಿದು ಹೊರಟರೆ ಸಾಕು, ಎಲ್ಲಿ ಎತ್ತಬೇಕು ಎಲ್ಲಿ ಬಿಡಬೇಕು ಎಂಬುದು ಅಕ್ಷರದಲ್ಲೇ ಇದೆ. ಸಾಹಿತ್ಯ ಆಮೇಲೆ ತುಂಬಿಸಿದ ಹಾಡುಗಳಲ್ಲಿ ಇದೇ ಹವ್ಯಾಸಿ ಎಡವುತ್ತಾನೆ.

ಪಾಶ್ಚಾತ್ಯ ಪಾಪ್ ಮತ್ತು ರಾಕ್‌ನಲ್ಲಿ ಈ ಬಗೆಯ ಅದ್ದೂರಿತನಕ್ಕೆ ದೊಡ್ಡ ಇತಿಹಾಸವಿದೆ. ಫಿಲ್ ಸ್ಪೆಕ್ಟರ್ ಲಾಸ್ ಏಂಜಲೀಸ್‌ನ ಗೋಲ್ಡ್ ಸ್ಟಾರ್ ಸ್ಟುಡಿಯೋದಲ್ಲಿ ಹಲವು ಪಿಯಾನೊ, ಹಲವು ಗಿಟಾರ್‌ಗಳಿಂದ ಒಂದೇ ಸ್ವರ ನುಡಿಸಿ, ಅದನ್ನು ಪ್ರತಿಧ್ವನಿಯ ಕೋಣೆಗೆ ಹರಿಸಿ ಮೋನೊದಲ್ಲಿ ಬೆಸೆದು ‘ವಾಲ್ ಆಫ್ ಸೌಂಡ್’ ಕಟ್ಟಿದ. 1963ರ ‘ಬಿ ಮೈ ಬೇಬಿ’ ಗೆದ್ದಿತು. 1966ರ ‘ರಿವರ್ ಡೀಪ್, ಮೌಂಟನ್ ಹೈ’ ಟೀನಾ ಟರ್ನರ್ ಅವರಂಥ ಕಂಠವಿದ್ದರೂ ಅಮೆರಿಕದ ಪಟ್ಟಿಯಲ್ಲಿ 88ನೇ ಸ್ಥಾನದಾಚೆ ಏರಲಿಲ್ಲ, ಬ್ರಿಟನ್ನಿನಲ್ಲಿ 3ನೇ ಸ್ಥಾನ ಮುಟ್ಟಿತು. ಕ್ವೀನ್ 1975ರ ‘ಬೊಹೀಮಿಯನ್ ರ‍್ಯಾಪ್ಸಡಿ’ಯಲ್ಲಿ 24 ಟ್ರ್ಯಾಕ್‌ನ ಟೇಪಿನ ಮೇಲೆ ತಮ್ಮದೇ ಕಂಠಗಳನ್ನು ಪದರ ಪದರವಾಗಿ ಪೇರಿಸಿದರು. ಅದೇ ವರ್ಷ 10ಸಿಸಿ ತಂಡ ‘ಐಯಾಮ್ ನಾಟ್ ಇನ್ ಲವ್’ಗಾಗಿ ಮೂವರ ದನಿಯನ್ನು ಮತ್ತೆ ಮತ್ತೆ ಮುದ್ರಿಸಿ ನೂರಾರು ಕಂಠಗಳ ಮಂಜು ಹಬ್ಬಿಸಿತು. ಇವೆಲ್ಲ ನನಗೆ ಬಲು ಇಷ್ಟದ ಹಾಡುಗಳು. ಆದರೆ ಅವುಗಳಲ್ಲಿ ಕಂಠ ಕೂಡ ಕೊನೆಗೆ ಒಂದು ನಾದದ ಬಣ್ಣವಾಗಿಬಿಡುತ್ತದೆ, ಕ್ವೀನ್ ಹಾಡಿನ ನಡುಭಾಗದಲ್ಲಿ ಮಾತಿನ ಅರ್ಥಕ್ಕಿಂತ ಅದರ ಸದ್ದೇ ಮುಖ್ಯ. ಹಂಸಲೇಖ ಅರ್ಥವನ್ನು ಬಿಟ್ಟುಕೊಡಲಿಲ್ಲ. ಅವರ ಗದ್ದಲದಲ್ಲಿ ಕಥೆ ಮುಂದೆ ಸಾಗಲೇಬೇಕಿತ್ತು.

ಇಲ್ಲಿನ ಟ್ಯಾಕ್ಸಿಯಲ್ಲಿ ಕೂತರೆ ಇನ್ನೊಂದು ಅದ್ದೂರಿ ಪರಂಪರೆ ಕಿವಿಗೆ ಬೀಳುತ್ತದೆ. ಉಮ್ಮ್ ಕುಲ್ಸೂಮ್ 1964ರಲ್ಲಿ ಹಾಡಿದ, ಮೊಹಮ್ಮದ್ ಅಬ್ದುಲ್ ವಹಾಬ್ ರಾಗ ಹಾಕಿದ ‘ಇಂತ ಉಮ್ರಿ’ಯಲ್ಲಿ ದೊಡ್ಡ ವಯಲಿನ್ ಮೇಳವಿದೆ, ಎಲೆಕ್ಟ್ರಿಕ್ ಗಿಟಾರ್ ಕೂಡ ಇದೆ. ಸೌದಿಯವರೇ ಆದ ತಲಾಲ್ ಮದ್ದಾಹ್, ಮೊಹಮ್ಮದ್ ಅಬ್ದು ಅವರ ಹಾಡುಗಳಲ್ಲೂ ವಯಲಿನ್‌ಗಳ ಸೈನ್ಯವೇ ಇದೆ. ಆದರೆ ಆ ಸೈನ್ಯ ಬಹುಪಾಲು ಒಂದೇ ಸಾಲನ್ನು ನುಡಿಸುತ್ತದೆ. ಗಾಯಕನ ಸ್ವರವನ್ನೇ ಹಿಂಬಾಲಿಸಿ ಅದನ್ನು ದಪ್ಪ ಮಾಡುತ್ತದೆ, ಅದರ ಎದುರು ಬೇರೊಂದು ರಾಗ ಹಿಡಿಯುವುದಿಲ್ಲ. ಆದ್ದರಿಂದ ಎಷ್ಟು ದೊಡ್ಡ ಮೇಳವಿದ್ದರೂ ಕವಿತೆ ಸ್ಪಷ್ಟ. ನಮ್ಮ ಹಳೆಯ ಚಿತ್ರಗೀತೆಗಳ ವಯಲಿನ್‌ಗಳೂ ಎಷ್ಟೋ ಕಡೆ ಹೀಗೇ ನಡೆಯುತ್ತಿದ್ದವು. ಹಂಸಲೇಖ ಆರಿಸಿದ್ದು ಹೆಚ್ಚು ಅಪಾಯದ ದಾರಿ. ಅವರಲ್ಲಿ ವಯಲಿನ್ ಒಂದು ಹೇಳುತ್ತದೆ, ಬೇಸ್ ಗಿಟಾರ್ ಇನ್ನೊಂದು, ಕೊಳಲು ಮತ್ತೊಂದು. ಇದು ಕೂಡಿ ಬಂದಾಗ ಜಾತ್ರೆ, ಬರದಿದ್ದರೆ ಬರೀ ಗಲಾಟೆ.

ಕೂಡಿ ಬರದ ಪ್ರಸಂಗಗಳೂ ಇವೆ, ಅವನ್ನು ಮುಚ್ಚಿಟ್ಟು ಹೊಗಳುವುದು ಆ ಕಲಾವಿದರಿಗೇ ಅಗೌರವ. 1991ರ ‘ಶಾಂತಿ ಕ್ರಾಂತಿ’ ನಾಲ್ಕು ಭಾಷೆಗಳಿಗೆ ಒಟ್ಟಿಗೆ ತಯಾರಾಯಿತು. ನಾಲ್ಕು ಭಾಷೆಗೂ ಹೊಂದಬೇಕಾದ ರಾಗಕ್ಕೆ ಕನ್ನಡದ ಅಕ್ಷರದ ಪೆಟ್ಟು ಆಧಾರವಾಗಲು ಸಾಧ್ಯವೇ ಇರಲಿಲ್ಲ. ಮೇಳ ಇನ್ನಷ್ಟು ಹಿಗ್ಗಿತು, ಮಾತು ಸಡಿಲವಾಯಿತು. ಅದೇ ವರ್ಷದ ‘ರಾಮಾಚಾರಿ’ ಇದಕ್ಕೆ ತದ್ವಿರುದ್ಧ. ಹಳ್ಳಿಯ ಮಾತಿನ ಲಯ ಹಿಡಿದು ಕಟ್ಟಿದ್ದರಿಂದ ಅಲ್ಲಿನ ಮೇಳ ಎಷ್ಟು ತುಂಬಿದ್ದರೂ ಭಾರವೆನಿಸುವುದಿಲ್ಲ. ಮುಂದೆ ರವಿಚಂದ್ರನ್ ತಾವೇ ಸಂಗೀತ ಮಾಡಿದ ‘ಏಕಾಂಗಿ’, ‘ಮಲ್ಲ’ ಚಿತ್ರಗಳಲ್ಲಿ ಅದ್ದೂರಿಯ ಆಸೆ ಉಳಿಯಿತು, ಮಾತಿನ ಚುರುಕು ಇಳಿಯಿತು. ನನ್ನ ಕಿವಿಗೆ ಅವು ಅಲಂಕಾರವಾಗಿ ಕೇಳುತ್ತವೆ, ಸಂಭಾಷಣೆಯಾಗಿ ಅಲ್ಲ.

ಹಂಸಲೇಖರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ‘ಗಾನಯೋಗಿ ಪಂಚಾಕ್ಷರ ಗವಾಯಿ’ಗೆ, 1995ರ ಸಾಲಿನಲ್ಲಿ. ಅರ್ಹವಾದ ಗೌರವ. ಆದರೆ ಅದರ ಹಿಂದೆ ಒಂದು ಹಳೆಯ ನಂಬಿಕೆ ಕೆಲಸ ಮಾಡಿದೆ ಎಂದು ನನಗನಿಸುತ್ತದೆ. ಶಾಸ್ತ್ರೀಯಕ್ಕೆ ಹತ್ತಿರವಾದದ್ದು, ಮಿತವಾದದ್ದು ಕಲೆ, ತುಂಬಿ ತುಳುಕಿದ್ದು ವ್ಯಾಪಾರ. ಕನ್ನಡದ ಸುಗಮ ಸಂಗೀತ ಈ ನಂಬಿಕೆಯನ್ನು ಗಟ್ಟಿ ಮಾಡಿತು. 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟಿನಲ್ಲಿ ಮೈಸೂರು ಅನಂತಸ್ವಾಮಿ ಕೆಲವೇ ವಾದ್ಯಗಳಲ್ಲಿ ನಿಸಾರ್ ಅಹಮದರ ಕವಿತೆಯನ್ನು ಮನೆಮನೆಗೆ ಮುಟ್ಟಿಸಿದ್ದರು. ಆ ಮಾದರಿಯ ಮುಂದೆ ‘ಪ್ರೇಮಲೋಕ’ ಒರಟಾಗಿ ಕಂಡದ್ದು ಸಹಜ. ಆದರೆ ಅನಂತಸ್ವಾಮಿ ಕವಿತೆಯನ್ನು ಕಾಪಾಡಿದರೆ, ಹಂಸಲೇಖ ಮಾತಿಗೆ ಮೈ ಕೊಟ್ಟರು. ಎರಡೂ ಕನ್ನಡದ ಸೇವೆ. ಎರಡನೆಯದನ್ನು ಗದ್ದಲವೆಂದು ತಳ್ಳಿದ್ದರಿಂದ ಅದನ್ನು ಗಂಭೀರವಾಗಿ ಕಲಿಯುವ ಅವಕಾಶವನ್ನು ಒಂದಿಡೀ ಪೀಳಿಗೆ ಕಳೆದುಕೊಂಡಿತು.

ಈಗ ಅದ್ದೂರಿಯ ಇನ್ನೊಂದು ಅಲೆ. ಕುಂದಾಪುರದ ಬಸ್ರೂರಿನ ರವಿ ಬಸ್ರೂರು 2018ರ ‘ಕೆಜಿಎಫ್’ಗೆ ಕಟ್ಟಿದ ನಾದದಲ್ಲಿ ಗಂಟಲು ಬಿರಿಯುವ ಕೋರಸ್, ಎದೆ ನಡುಗಿಸುವ ಡ್ರಮ್ಸ್, ತಳದಲ್ಲಿ ಗುಡುಗುವ ಬೇಸ್ ಇದೆ. ಅದೇ ವರ್ಷ ಸೌದಿಯಲ್ಲಿ ಮತ್ತೆ ಚಿತ್ರಮಂದಿರಗಳು ತೆರೆದವು ಎಂಬುದು ಕಾಕತಾಳೀಯ, ಆದರೆ ನನ್ನ ವಾದಕ್ಕೆ ಒದಗಿ ಬಂದ ಕಾಕತಾಳೀಯ. ಈ ಸಂಗೀತಕ್ಕೆ ತೆರೆ ಬೇಕೇ ಬೇಕು. ಸುತ್ತಲಿನ ಸ್ಪೀಕರುಗಳ ನಡುವೆ ಕೂತಾಗ ಮೈ ಜುಮ್ಮೆನ್ನುತ್ತದೆ, ಕಾರಿನಲ್ಲಿ ದಮ್ಮಾಮ್ ದಾರಿ ಹಿಡಿದು ಕೇಳಿದರೆ ಅರ್ಧ ಮಾತ್ರ ತಲುಪುತ್ತದೆ. ಘೋಷಣೆ ಕೇಳುತ್ತದೆ, ಸಂಭಾಷಣೆ ಇಲ್ಲ. 2022ರ ‘ಕಾಂತಾರ’ದಲ್ಲಿ ಅಜನೀಶ್ ಲೋಕನಾಥ್ ಬೇರೆ ದಾರಿ ಹಿಡಿದರು. ಕರಾವಳಿಯ ಜನಪದ ಕಂಠಗಳ ಒರಟನ್ನು ಒರಟಾಗಿಯೇ ಬಿಟ್ಟು ಅದರ ಸುತ್ತ ಮೇಳ ಕಟ್ಟಿದರು. ‘ವರಾಹ ರೂಪಂ’ ಹಾಡು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡದ ‘ನವರಸಂ’ ಜೊತೆಗಿನ ಹೋಲಿಕೆಯ ವಿವಾದದಲ್ಲಿ ನ್ಯಾಯಾಲಯದವರೆಗೆ ಹೋಯಿತು, ಆ ಪ್ರಶ್ನೆ ಹಗುರವಾದದ್ದಲ್ಲ. ಆದರೆ ಚಿತ್ರದ ಉಳಿದ ಹಾಡುಗಳಲ್ಲಿ ನನಗೆ ಕೇಳಿದ್ದು ‘ಪ್ರೇಮಲೋಕ’ದ ನಿಜವಾದ ವಾರಸುದಾರಿಕೆ. ಅಲ್ಲಿ ಊರಿನ ಮಾತೇ ತಾಳ.

ಈ ಪರಂಪರೆಯ ಅಧ್ಯಯನದಲ್ಲಿ ದೊಡ್ಡದೊಂದು ಕೊರತೆ ಉಳಿದಿದೆ. ಗೋಲ್ಡ್ ಸ್ಟಾರ್‌ನಲ್ಲಿ ನುಡಿಸಿದ ವಾದಕರನ್ನು ‘ರೆಕಿಂಗ್ ಕ್ರೂ’ ಎಂಬ ಹೆಸರಿನಲ್ಲಿ ಜಗತ್ತು ಗುರುತಿಸಿತು. ಅವರಲ್ಲೊಬ್ಬರಾದ ಗಿಟಾರ್ ವಾದಕ ಟಾಮಿ ಟೆಡೆಸ್ಕೊ ಅವರ ಮಗನೇ ಆ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ. ಡ್ರಮ್ಸ್ ನುಡಿಸಿದ್ದು ಹ್ಯಾಲ್ ಬ್ಲೇನ್, ಬೇಸ್ ಗಿಟಾರ್‌ಗೆ ಕ್ಯಾರಲ್ ಕೇ ಇದ್ದರು ಎಂಬುದು ಇಂದು ರಸಿಕರಿಗೆ ಬಾಯಿಪಾಠ. ನಮ್ಮ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಸಂಗೀತ ನಿರ್ದೇಶಕರ ಹೆಸರಿತ್ತು, ಗಾಯಕರ ಹೆಸರಿತ್ತು, ನುಡಿಸಿದವರ ಸುದ್ದಿಯೇ ಇರಲಿಲ್ಲ. ಹಾಡನ್ನು ಕಿವಿಯಿಂದಲೇ ಕಂಡ ನಮಗೆ ಆ ಕೈಗಳ ಹೆಸರು ಕೊನೆಗೂ ಗೊತ್ತಾಗಲಿಲ್ಲ. ‘ಪ್ರೇಮಲೋಕ’ ಬಂದಾಗ ಮೂವತ್ತರ ಹರೆಯದಲ್ಲಿದ್ದ ವಾದಕರಿಗೆ ಈಗ ಎಪ್ಪತ್ತರ ಹತ್ತಿರ ವಯಸ್ಸು. ಕರ್ನಾಟಕ ಚಲನಚಿತ್ರ ಅಕಾಡೆಮಿಯೋ, ಹಂಪಿಯ ಕನ್ನಡ ವಿಶ್ವವಿದ್ಯಾಲಯವೋ ಚೆನ್ನೈ ಮತ್ತು ಬೆಂಗಳೂರಿನಲ್ಲಿರುವ ಅವರ ಮನೆಗಳಿಗೆ ಹೋಗಿ ಮಾತು ಮುದ್ರಿಸಿಕೊಳ್ಳಬೇಕು. ಒಂದು ಹಾಡಿಗೆ ಎಷ್ಟು ವಯಲಿನ್ ಕೂರಿಸುತ್ತಿದ್ದರು, ಸ್ವರಲಿಪಿ ಯಾರು ಬರೆದುಕೊಡುತ್ತಿದ್ದರು, ಡ್ರಮ್ಸ್‌ನ ಪೆಟ್ಟಿಗೆ ಹೊಂದಲೆಂದು ಹಂಸಲೇಖ ಸ್ಟುಡಿಯೋದಲ್ಲೇ ನಿಂತು ಪದ ಬದಲಿಸಿದ್ದುಂಟೇ ಎಂದು ಅವರನ್ನೇ ಕೇಳಬೇಕು. ಈ ಪ್ರಶ್ನೆಗಳಿಗೆ ಅವರಲ್ಲದೆ ಬೇರೆ ಯಾರೂ ಉತ್ತರ ಹೇಳಲಾರರು.