‘ಸಂಸ್ಕಾರ’ ನೋಡುವ ಬಗೆ: ರಸಿಕರಿಗೊಂದು ಕೈಪಿಡಿ

ಕುಮಾರಸ್ವಾಮಿ ಲೇಔಟ್‌ನ ನಮ್ಮ ಬೀದಿಯಲ್ಲಿ ಬಾಡಿಗೆಗಿರುವವರಲ್ಲಿ ಹೆಚ್ಚಿನವರು ಶಾವಿಗೆ ಮಲ್ಲೇಶ್ವರ ಬೆಟ್ಟದ ಕಾಲೇಜುಗಳಿಗೆ ಓದಲು ಬಂದ ಹುಡುಗರು. ಒಂದು ಭಾನುವಾರ ಅವರಲ್ಲಿ ನಾಲ್ಕೈದು ಮಂದಿ ನಮ್ಮ ಮನೆಯ ಹಾಲ್‌ನಲ್ಲಿ ಕೂತು ‘ಸಂಸ್ಕಾರ’ ನೋಡಿದರು. ಸ್ವಲ್ಪ ಹೊತ್ತಿನಲ್ಲೇ ಒಬ್ಬ ಕೇಳಿದ: ‘ಅಂಕಲ್, ಆ ಹೆಣ ಯಾವಾಗ ಸುಡ್ತಾರೆ?’

ಅವನಿಗೆ ಬೇಸರವಾಗಿತ್ತು. ನನಗೆ ಸಂತೋಷವಾಯಿತು. ಇಡೀ ಅಗ್ರಹಾರ ಕೇಳುತ್ತಿರುವುದೂ ಅದೇ ಪ್ರಶ್ನೆಯನ್ನು. ಈ ಬಗೆಯ ಸಿನಿಮಾಕ್ಕೆ ಹೊಸಬರಾದವರಿಗೆ ನನ್ನ ಮೊದಲ ಮಾತು ಇಷ್ಟೇ: ಕಾಯುವುದು ಕಷ್ಟವೆನಿಸಿದರೆ ಎದ್ದು ಹೋಗಬೇಡಿ. ಆ ಕಷ್ಟವನ್ನು ನಿರ್ದೇಶಕರು ಬೇಕೆಂದೇ ನಿಮ್ಮ ಪಾಲಿಗೂ ಬಡಿಸಿದ್ದಾರೆ.

ಮೊದಲು ಮನುಷ್ಯನನ್ನು ತಿಳಿಯಿರಿ

ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ 1919ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದವರು. ಶಾಂತಿನಿಕೇತನದಲ್ಲೂ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲೂ ಓದಿದರು. 1939ರಲ್ಲಿ ‘ಫಿಡೇಲು ರಾಗಾಲ ಡಜನ್’ ಎಂಬ ಕವನ ಸಂಕಲನ ತಂದು ತೆಲುಗು ಛಂದಸ್ಸಿನ ಕಟ್ಟುಗಳನ್ನು ಮುರಿದರು. ಆಮೇಲೆ ಹಾಡು, ತಾರೆಯರು, ಸೆಟ್ಟುಗಳ ತೆಲುಗು ಚಿತ್ರಗಳ ನಿರ್ಮಾಪಕರಾದರು. 1958ರ ‘ಪೆಳ್ಳಿನಾಟಿ ಪ್ರಮಾಣಾಲು’ ಅವರ ನಿರ್ಮಾಣದ್ದೇ. ಅಂಥವರು ಐವತ್ತರ ಹರೆಯದಲ್ಲಿ, ತಮ್ಮ ತಾಯಿನುಡಿಯಲ್ಲದ ಕನ್ನಡದಲ್ಲಿ, ‘ಸಂಸ್ಕಾರ’ ಮಾಡಿದರು. ಹಾಡಿಲ್ಲ, ತಾರೆಯರಿಲ್ಲ, ಸೆಟ್ಟಿಲ್ಲ. ಜನಪ್ರಿಯ ಸಿನಿಮಾದ ಒಳಹೊರಗು ಬಲ್ಲವರು ಅದನ್ನು ಬಿಟ್ಟು ಬಂದದ್ದು ಎಂಬುದನ್ನು ಮರೆಯಬೇಡಿ. ಇಲ್ಲಿ ಏನಿಲ್ಲವೋ ಅದೂ ಅವರ ಆಯ್ಕೆಯೇ.

ಹೆಸರಿನಿಂದಲೇ ಶುರುಮಾಡಿ

ಸಂಸ್ಕಾರ ಎಂದರೆ ಹೆಣಕ್ಕೆ ಮಾಡುವ ಕ್ರಿಯೆ, ಮನಸ್ಸಿಗೆ ಬರುವ ಪಕ್ವತೆಯೂ ಹೌದು. ಆಚಾರ ಬಿಟ್ಟು ಬದುಕಿದ ನಾರಣಪ್ಪ ಸತ್ತಿದ್ದಾನೆ. ಅವನನ್ನು ಜಾತಿಯಿಂದ ಹೊರಗಿಟ್ಟಿರಲಿಲ್ಲವಾದ್ದರಿಂದ ಹೆಣ ಬ್ರಾಹ್ಮಣರದ್ದೇ. ಆದರೂ ಯಾರೂ ಮುಟ್ಟರು. ಹೆಣ ಎತ್ತುವವರೆಗೆ ಊಟವಿಲ್ಲ. ಯಾರ ಸಂಸ್ಕಾರ ಆಗಬೇಕಾಗಿದೆ, ಸತ್ತವನದೋ ಬದುಕಿರುವವರದೋ? ಈ ಪ್ರಶ್ನೆ ತಲೆಯಲ್ಲಿದ್ದರೆ ಸಾಕು, ಉಳಿದದ್ದನ್ನು ಕಣ್ಣು ನೋಡಿಕೊಳ್ಳುತ್ತದೆ.

ಚಿತ್ರಕ್ಕೆ ಮೂಲವಾದ ಕಾದಂಬರಿಯನ್ನು ಓದಿರಲೇಬೇಕೆಂದೇನೂ ಇಲ್ಲ. ಅದು ಹುಟ್ಟಿದ್ದೇ ಒಂದು ಸಿನಿಮಾ ನೋಡಿ. ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ಸಬ್‌ಟೈಟಲ್ ಇಲ್ಲದೆ ನೋಡಿದರು. ಸ್ವೀಡಿಷ್ ಬಾರದಿದ್ದರೂ ಪ್ಲೇಗಿನ ನಡುವೆ ದೇವರನ್ನು ಹುಡುಕುವ ಮನುಷ್ಯ ಅವರ ಮನಸ್ಸಿನಲ್ಲಿ ಉಳಿದ. ಮಲೆನಾಡಿನ ಅಗ್ರಹಾರವೊಂದು ಅಲ್ಲಿಂದ ಎದ್ದು ಬಂದು, 1965ರಲ್ಲಿ ಕಾದಂಬರಿ ಪ್ರಕಟವಾಯಿತು. ಮಾತು ತಿಳಿಯದೆಯೂ ಸಿನಿಮಾ ಒಳಗಿಳಿಯಬಲ್ಲದು. ನಮ್ಮ ಮನೆಗೆ ಬರುವ ಕನ್ನಡ ಬಾರದ ಹುಡುಗರಿಗೆ ನಾನು ಹೇಳುವ ಧೈರ್ಯದ ಮಾತೂ ಇದೇ.

ಮುಖ, ಹಸಿವು, ಮೀನು

ಮೊದಲ ಸಲ ನೋಡುವಾಗ ಮುಖಗಳನ್ನಷ್ಟೇ ಹಿಂಬಾಲಿಸಿ. ಅಗ್ರಹಾರದ ಗುರು ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ. ಚಿತ್ರಕಥೆಯೂ ಅವರದೇ, ನಟನಾಗಿ ಅವರಿಗದು ಮೊದಲ ಸಿನಿಮಾ. ನಾರಣಪ್ಪನಾಗಿ ಪಿ. ಲಂಕೇಶ್. ನಾರಣಪ್ಪನ ಸಂಗಾತಿ ಚಂದ್ರಿಯಾಗಿ ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿ. ಸಾಹಿತ್ಯದಿಂದ, ರಂಗಭೂಮಿಯಿಂದ ಬಂದವರು ಇವರು. ಕ್ಯಾಮೆರಾಕ್ಕಾಗಿ ಮುಖವನ್ನು ಅಂದಗಾಣಿಸಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ.

ಎರಡನೆಯ ಸಲ ಹೊಟ್ಟೆಯ ಕಡೆ ಗಮನವಿಡಿ. ಕ್ರಿಯೆಯ ಖರ್ಚಿಗೆಂದು ಚಂದ್ರಿ ತನ್ನ ಒಡವೆ ತಂದಿಟ್ಟ ಮೇಲೆ ಧರ್ಮದ ಮಾತು ಹೇಗೆ ಬಣ್ಣ ಬದಲಿಸುತ್ತದೆ ನೋಡಿ. ಹಸಿವು ಮತ್ತು ಚಿನ್ನ, ಎರಡೂ ಕೂಡಿ ಅಗ್ರಹಾರದ ಅಂತರಂಗವನ್ನು ತೆರೆದಿಡುತ್ತವೆ.

ನಾರಣಪ್ಪ ದೇವಸ್ಥಾನದ ಕೊಳದ ಮೀನು ಹಿಡಿದವನು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಮಂಡಕ್ಕಿ ಹಾಕಿದ ನೆನಪಿದೆಯೇ? ಆ ಮೀನಿಗೆ ಗಾಳ ಹಾಕಿದರೆ ನಿಮ್ಮೊಳಗೆ ಏನಾಗುತ್ತದೋ, ಅದೇ ಅಳುಕು ಅಗ್ರಹಾರದವರೆಲ್ಲರದು. ಅವರನ್ನು ಬರೀ ಕೆಟ್ಟವರೆಂದು ತಳ್ಳಿಹಾಕದೆ ನೋಡಲು ಈ ಅಳುಕು ಕಲಿಸುತ್ತದೆ. ಚಿತ್ರೀಕರಣ ನಡೆದದ್ದೂ ಶೃಂಗೇರಿ ಸೀಮೆಯ ವೈಕುಂಠಪುರದಲ್ಲಿ. ಆ ಮನೆಗಳು, ಆ ಬೀದಿ, ಆ ಕಾಡು ಎಲ್ಲವೂ ನಿಜದವು. ಅವನ್ನು ಕಪ್ಪುಬಿಳುಪಿನಲ್ಲಿ ಸೆರೆಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ನಮಗೆ ರೂಢಿಯಾದದ್ದನ್ನು ಹೊರಗಿನ ಕಣ್ಣು ಹೊಸದಾಗಿ ಕಂಡಿದೆ.

ಮೂರನೆಯ ಸಲ ಕಿವಿಗೊಡಿ. ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು. ಅದು ಅಳು ಎಂದೋ ಹೆದರು ಎಂದೋ ನಿಮಗೆ ಅಪ್ಪಣೆ ಕೊಡುವುದಿಲ್ಲ. ಎಲ್ಲಿ ಸುಮ್ಮನಾಗುತ್ತದೆ ಎಂಬುದನ್ನು ಗುರುತಿಸಿ.

ಬಂಡಾಯ ಎಲ್ಲಿದೆ?

ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಯಿತು. ಜಾತಿಯ ಮಾತು ಊರು ಕೆಡಿಸೀತು ಎಂಬ ಭಯ. ಆ ತಡೆ ತೆರವಾಗಿ 1970ರಲ್ಲಿ ಚಿತ್ರ ಹೊರಬಂತು. ಅದೇ ವರ್ಷದ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಅದಕ್ಕೇ ಬಂತು. ಆ ಗೌರವ ಪಡೆದ ಮೊದಲ ಕನ್ನಡ ಚಿತ್ರ ಅದು.

ಆದರೆ ಬಂಡಾಯವನ್ನು ಈ ಗಲಾಟೆಯಲ್ಲಿ ಹುಡುಕಬೇಡಿ. ಆಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕುತ್ತಾರೆ, ಮಾರುತಿಯನ್ನು ಕೇಳುತ್ತಾರೆ. ಉತ್ತರ ಬರುವುದಿಲ್ಲ. ನಿರ್ದೇಶಕರೂ ಕೊಡುವುದಿಲ್ಲ. ನ್ಯಾಯ ಹೇಳುವ ಕುರ್ಚಿಯಿಂದ ಗುರುವನ್ನೂ ತಮ್ಮನ್ನೂ ಎಬ್ಬಿಸಿ, ನೋಡುಗನನ್ನು ಅಲ್ಲಿ ಕೂರಿಸಿದರಲ್ಲ, ಪಟ್ಟಾಭಿಯವರ ದೊಡ್ಡ ಬಂಡಾಯ ಅದು.

ತೆರೆಯ ಹೊರಗಿನ ಬಂಡಾಯಕ್ಕೂ ಅವರ ಮನೆ ಬೆಲೆ ತೆತ್ತಿತು. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಸ್ನೇಹಲತಾ ಅವರ ಬಂಧನವಾಯಿತು. ಆಸ್ತಮಾ ಇದ್ದ ಅವರನ್ನು ಎಂಟು ತಿಂಗಳು ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದವರು 20ರಂದು ತೀರಿಕೊಂಡರು. ಆ ಜೈಲಿದ್ದ ಜಾಗವೇ ಇಂದಿನ ಫ್ರೀಡಂ ಪಾರ್ಕ್. ಇದನ್ನು ತಿಳಿದ ಮೇಲೆ ಚಂದ್ರಿಯ ಮುಖವನ್ನು ಮತ್ತೊಮ್ಮೆ ನೋಡಿ. ಎಲ್ಲರೂ ಶಾಸ್ತ್ರ ಹುಡುಕುತ್ತಿರುವಾಗ ಮಾಡಬೇಕಾದ್ದನ್ನು ಮಾಡಿ ಮುಗಿಸುವವಳು ಅವಳೊಬ್ಬಳೇ.

ಮುಂದೇನು ನೋಡಬೇಕು?

ಪಟ್ಟಾಭಿ ಹೆಚ್ಚು ಚಿತ್ರ ಮಾಡಲಿಲ್ಲ: ‘ಚಂಡಮಾರುತ’ (1977), ‘ಶೃಂಗಾರ ಮಾಸ’ (1984), ಎಪ್ಪತ್ತು ದಾಟಿದ ಮೇಲೆ ‘ದೇವರ ಕಾಡು’ (1993). 2006ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅವರು ತೆರೆದ ದಾರಿಯಲ್ಲಿ ‘ಚೋಮನ ದುಡಿ’, ‘ಘಟಶ್ರಾದ್ಧ’ ಬಂದವು. ಈ ಎರಡನ್ನೂ ತಪ್ಪಿಸಬೇಡಿ. ಜೊತೆಗೆ ಕೂತು ನೋಡಿ ಮಾತಾಡುವ ರುಚಿ ಬೇಕಾದರೆ, ನಮ್ಮ ಲೇಔಟ್‌ಗೆ ಹತ್ತಿರದಲ್ಲೇ, ಬನಶಂಕರಿ ಎರಡನೇ ಹಂತದಲ್ಲಿ, 1971ರಿಂದ ನೋಡುಗರನ್ನು ಬೆಳೆಸುತ್ತ ಬಂದ ‘ಸುಚಿತ್ರಾ’ ಫಿಲ್ಮ್ ಸೊಸೈಟಿ ಇದೆ.

ಆ ಭಾನುವಾರ ಚಿತ್ರ ಮುಗಿದಾಗ ಹುಡುಗರು ಕೂಡಲೇ ಏಳಲಿಲ್ಲ. ಹೆಣದ ಬಗ್ಗೆ ಕೇಳಿದ್ದವನೇ ಮತ್ತೆ ಕೇಳಿದ: ‘ಆಚಾರ್ರು ವಾಪಸ್ ಹೋಗಿ ಏನು ಹೇಳ್ತಾರೆ?’ ನಾನು ಉತ್ತರ ಕೊಡಲಿಲ್ಲ. ಕಾಫಿಗೆ ನೀರಿಟ್ಟು ಬಂದೆ. ಅಷ್ಟರಲ್ಲಿ ಅವರವರಲ್ಲೇ ವಾದ ಶುರುವಾಗಿತ್ತು.