ಕಪಾಟಿನ ಬೀಗ ತೆಗೆಸಿದ ರಂಗನಾಥನ್

ಎಸ್.ಆರ್. ರಂಗನಾಥನ್ ಎಂದೊಡನೆ ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಐದು ಸೂತ್ರಗಳನ್ನು ಒಪ್ಪಿಸಿಬಿಡುತ್ತಾರೆ. ಆ ಸೂತ್ರಗಳನ್ನು ಮಂಡಿಸಿದ 1931ರ ಪುಸ್ತಕ ಪರೀಕ್ಷೆಯ ಪ್ರಶ್ನೆಯಾಗಿಯಷ್ಟೇ ಉಳಿದಿರುವುದು ನನಗೆ ನೋವಿನ ಸಂಗತಿ. ಅದು ಓದುಗರ ನಡುವೆ ನಿಂತು ಕೆಲಸ ಮಾಡಿ ಕಂಡುಕೊಂಡ ತಿಳಿವಳಿಕೆ.

1924ರಲ್ಲಿ ಗಣಿತದ ಪಾಠ ಬಿಟ್ಟು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾದ ಅವರು ಅಲ್ಲಿನ ಒಂಟಿತನ ತಾಳಲಾರದೆ ಹಳೆಯ ಕೆಲಸಕ್ಕೇ ಮರಳಲು ಬಯಸಿದ್ದರು. ಮನಸ್ಸು ತಿರುಗಿದ್ದು ಗ್ರಂಥಾಲಯದ ಕೆಲಸ ಕಲಿಯಲು ಹೋದ ಇಂಗ್ಲೆಂಡಿನಲ್ಲಿ. ಗುರು ಬರ್ವಿಕ್ ಸೇಯರ್ಸ್ ನಡೆಸುತ್ತಿದ್ದ ಕ್ರಾಯ್ಡನ್‌ನಂಥ ಸಾರ್ವಜನಿಕ ಗ್ರಂಥಾಲಯಗಳಿಗೆ ಮಕ್ಕಳು, ಕೆಲಸಗಾರರು, ಹೆಂಗಸರು ಬಂದುಹೋಗುವುದನ್ನು ಕಂಡರು. ಊರಿಗೆ ಮರಳಿದ ಮೇಲೆ ಓದುಗರನ್ನು ಕಪಾಟುಗಳ ನಡುವೆಯೇ ಬಿಟ್ಟರು, ತೆರೆದಿರುವ ವೇಳೆ ಹೆಚ್ಚಿಸಿದರು, ಬೇಕಾದ ಪುಸ್ತಕ ಹುಡುಕಿಕೊಡಲೆಂದೇ ಸಿಬ್ಬಂದಿಯನ್ನು ಅಣಿಗೊಳಿಸಿದರು. ಪುಸ್ತಕ ಕಳೆದೀತೆಂಬ ಭಯದಲ್ಲಿ ಬೀಗ ಜಡಿಯುತ್ತಿದ್ದ ಕಾಲದಲ್ಲಿ ಇದು ದೊಡ್ಡ ಧೈರ್ಯ. ಅವರ ಸಾಧನೆಯಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ.

1933ರ ಕೋಲನ್ ವರ್ಗೀಕರಣಕ್ಕೆ ಆ ಸ್ಥಾನ ಕೊಡಲಾರೆ. ಒಂದು ವಿಷಯವನ್ನು ಹಲವು ಮುಖಗಳಾಗಿ ಬಿಡಿಸಿ ಮತ್ತೆ ಜೋಡಿಸುವ ಆ ವಿಚಾರ ಜಗತ್ತಿನ ವರ್ಗೀಕರಣ ಚಿಂತನೆಯನ್ನೇ ಬದಲಿಸಿತು, ನಿಜ. ಆದರೆ ಪುಸ್ತಕದ ಬೆನ್ನಿಗೆ ಅಂಟಿಸಿದ ಆ ಉದ್ದನೆಯ ಸಂಕೇತ ಸಾಮಾನ್ಯ ಓದುಗನಿಗೆ ಒಗಟು. ಓದುಗನ ಸಮಯ ಉಳಿಸಬೇಕೆಂದು ಸೂತ್ರ ಬರೆದವರೇ ಆವೃತ್ತಿಯಿಂದ ಆವೃತ್ತಿಗೆ ಅದನ್ನು ಬದಲಿಸುತ್ತ ಹೋದರು, ಗ್ರಂಥಪಾಲರೂ ದಣಿದರು. ಬಹುಪಾಲು ಗ್ರಂಥಾಲಯಗಳು ಡ್ಯೂಯಿ ಪದ್ಧತಿಯಲ್ಲೇ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ.

ಕಾನೂನಿನ ವಿಷಯದಲ್ಲಿ ಮಾತ್ರ ಅವರ ದೃಷ್ಟಿ ನಿಚ್ಚಳ. ದಾನಿಗಳ ಔದಾರ್ಯ ನಂಬಿಕೊಂಡರೆ ಗ್ರಂಥಾಲಯ ಬಾಳದು, ಅದಕ್ಕೆ ತೆರಿಗೆಯ ಆಸರೆ ಬೇಕು ಎಂದು ಪಟ್ಟುಹಿಡಿದರು. 1948ರ ಮದ್ರಾಸ್ ಕಾಯ್ದೆ ಅದರ ಫಲ. ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಇಲ್ಲೇ ಡಿಆರ್‌ಟಿಸಿ ಎಂಬ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಇಲ್ಲೇ ತೀರಿಕೊಂಡರು. ನಮ್ಮ ರಾಜ್ಯದ ಕಾಯ್ದೆ ಬಂದದ್ದು 1965ರಲ್ಲಿ. ಆದರೂ ವಸೂಲಾದ ಗ್ರಂಥಾಲಯ ಕರ ಸ್ಥಳೀಯ ಸಂಸ್ಥೆಗಳಿಂದ ಗ್ರಂಥಾಲಯ ಇಲಾಖೆಗೆ ಸಕಾಲದಲ್ಲಿ ಸಲ್ಲದೆ ಬಾಕಿ ಬೀಳುತ್ತಲೇ ಬಂದಿದೆ. ನಿಮ್ಮ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ಆ ಕರ ನೀವು ಕಟ್ಟಿದ್ದೀರಿ. ಬಡಾವಣೆಯ ಗ್ರಂಥಾಲಯಕ್ಕೆ ಹೋಗಿ, ಈ ವರ್ಷ ಯಾವ ಹೊಸ ಪುಸ್ತಕ ಬಂದಿದೆ ಎಂದು ಕೇಳಿ.